ಗಾಳೆಮ್ಮ ಮತ್ತು ಹಡಗಿನ ಕಾಯಿ

ನಮ್ಮ ಅತ್ತಿಗೆ ಗಾಳೆಮ್ಮನ ಜೊತೆ ಜಗಳವಾಡದೆ ಉಳಿದವರು ಲಿಂಗಸುಗೂರಿನಲ್ಲಿ ಯಾರಾದರೂ ಇದ್ದರೆ, ಅವರು ಆಕೆಯನ್ನು ನೋಡಿರಲಿಕ್ಕಿಲ್ಲ. ನಾನೂ ಆಡಿದ್ದೇನೆ, ವರ್ಷಗಟ್ಟಲೆ. ನಾನು ಆಕೆಯ ಗಂಡನ ತಂಗಿ ಅಮರಮ್ಮ, ದವಾಖಾನೆಯ ನರ್ಸು. ಒಂದೇ ಮನೆಯಲ್ಲಿದ್ದೆವು, ಒಂದೇ ಒಲೆಯ ಮೇಲಿನ ಅಡುಗೆ ಉಂಡೆವು, ಎದ್ದರೆ ಬಿದ್ದರೆ ಕಚ್ಚಾಡಿದೆವು. ಈಗ ಊರಿನ ಹೆಂಗಸರು 'ಖಾರ ಅಂದ್ರ ಗಾಳೆಮ್ಮಂದು' ಎಂದು ಹೊಗಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೊಗಳುವವರಲ್ಲಿ ಅರ್ಧ ಜನ ಆಕೆಯ ಡಬ್ಬಿಯನ್ನು ನಮ್ಮ ಬಾಗಿಲಿಗೆ ತಂದು ಕುಕ್ಕಿ ಹೋದವರೇ. ಅವರು ಮರೆತಿರಬಹುದು, ನಾನು ಮರೆತಿಲ್ಲ.

ನಮ್ಮದು ಸಂತೆಕಲ್ಲೂರು. ಊರ ಹೊರಗಿನ ಕೇರಿ ನಮ್ಮದು, ಗಾಳೆಮ್ಮನೂ ಅದೇ ಕೇರಿಯವಳು. ಬೇಸಿಗೆ ಬಂತೆಂದರೆ ಊರೊಳಗಿನ ದೊಡ್ಡ ಮನೆಗಳಿಂದ ಖಾರ ಕುಟ್ಟಲು ಕರೆ ಬರುತ್ತಿತ್ತು. ಅದರಲ್ಲೂ ಗೌಡರ ಮನೆಯ ಅಯ್ಯಮ್ಮನ ಮಸಾಲೆ ಖಾರಕ್ಕೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಆಕೆಯ ಮಗ ಆದಪ್ಪ ಲಿಂಗಸುಗೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. 'ಅಯ್ಯಮ್ಮನ ಖಾರ' ಎಂದು ಅಲ್ಲಿ ಡಬ್ಬಿ ಡಬ್ಬಿ ಮಾರಾಟವಾಗುತ್ತಿತ್ತು. ಕುಟ್ಟುತ್ತಿದ್ದವಳು ಗಾಳೆಮ್ಮ. ಮದುವೆಗೆ ಮುಂಚಿನಿಂದಲೂ ಆಕೆಯೇ.

ಆ ಮನೆಯ ಹಿತ್ತಲಿನಲ್ಲಿ ಒಂದು ಕಟ್ಟಳೆ ಇತ್ತು. ಒಣಗಿದ್ದನ್ನು ನಮ್ಮವರು ಮುಟ್ಟಬಹುದು. ಮೆಣಸಿನಕಾಯಿಯ ತೊಟ್ಟು ಬಿಡಿಸುವುದು, ಬಿಸಿಲಿಗೆ ಹರವುವುದು, ಒರಳಿಗೆ ಹಾಕಿ ಕುಟ್ಟುವುದು, ಜರಡಿ ಹಿಡಿಯುವುದು, ಎಲ್ಲವೂ ನಮ್ಮ ಕೈಯಿಂದಲೇ ಆಗಬೇಕು. ಆದರೆ ಎಣ್ಣೆ ಬಿತ್ತೋ, ಅದು ಅಡುಗೆಯಾಯಿತು. ಅಡುಗೆಯನ್ನು ನಾವು ಮುಟ್ಟಬಾರದು. ಖಾರ ನುಣ್ಣಗಾಯಿತು ಎನ್ನುವ ಹೊತ್ತಿಗೆ ಅಯ್ಯಮ್ಮ ಶೇಂಗಾ ಎಣ್ಣೆಯ ಗಿಂಡಿ ಹಿಡಿದು ಹಿತ್ತಲಿಗೆ ಬರುತ್ತಿದ್ದಳು.

"ಏಳ ಬೇ, ಎಣ್ಣಿ ಬೀಳ್ತದ."

ಗಾಳೆಮ್ಮ ಏಳುತ್ತಿದ್ದಳು. ತಿಪ್ಪೆಯ ಪಕ್ಕದ ಗೋಡೆಗೆ ಹೋಗಿ ನಿಲ್ಲುತ್ತಿದ್ದಳು. ಅಯ್ಯಮ್ಮ ಬಂದು ಕೂತು, ಎಣ್ಣೆ ಹೊಯ್ದು, ಹುರಿದ ಕೊಬ್ಬರಿ ಬೆಳ್ಳುಳ್ಳಿ ಸೇರಿಸಿ, ಕೈಯಾಡಿಸಿ, ಬೆರಳು ನೆಕ್ಕಿ, "ಈ ವರ್ಷ ಛಲೋ ಬಂತು ನೋಡ ನನ್ನ ಖಾರ" ಎನ್ನುತ್ತಿದ್ದಳು. ಬೆಳಗಿನಿಂದ ಕಣ್ಣು ಮೂಗು ಸುರಿಸಿಕೊಂಡು ಒನಕೆ ಎತ್ತಿ ಹಾಕಿದವಳು ಗೋಡೆಗೆ ಒರಗಿ ಅದನ್ನು ನೋಡುತ್ತಿದ್ದಳು. ನಿಮ್ಮ ಮನೆಯಲ್ಲೇ ಮಾಡಿಕೊಳ್ಳಬಾರದಿತ್ತೇ ಎಂದು ಈಗಿನವರು ಕೇಳುತ್ತಾರೆ. ನಮ್ಮ ಕೇರಿಯಲ್ಲಿ ಖಾರ ಎಂದರೆ ಮೆಣಸಿನಕಾಯಿ ಮತ್ತು ಉಪ್ಪು, ಅಷ್ಟೆ. ಕೊಬ್ಬರಿ, ಜೀರಿಗೆ, ಗಿಂಡಿಗಟ್ಟಲೆ ಎಣ್ಣೆ ಎಲ್ಲಿಂದ ತರಬೇಕಿತ್ತು?

ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲಿ ಗಾಳೆಮ್ಮ ನನಗೆ ಒಂದು ಮಾತು ಹೇಳಿದ್ದಳು. "ಒಮ್ಮೆರ ಎಣ್ಣಿ ಬೀಳೂ ಮುಂದ ನಾ ಕುಂತಿರಬೇಕು ನೋಡವ್ವ. ಏಳು ಅನ್ನಾಕ ಯಾರೂ ಇರಬಾರದು." ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಇದನ್ನು ಕೇಳಿದಳು. ನನಗೆ ಆಗ ಇದೆಂಥ ಹುಚ್ಚು ಆಸೆ ಎನಿಸಿತು.

ನನ್ನಣ್ಣ ಪಂಪಣ್ಣ ೧೯೮೫ರಲ್ಲಿ ಲಿಂಗಸುಗೂರಿನ ಒಂದು ಹೈಸ್ಕೂಲಿಗೆ ಇತಿಹಾಸದ ಮಾಸ್ತರನಾದ. ಬಾಡಿಗೆ ಮನೆಗಾಗಿ ಅಣ್ಣ, ಅತ್ತಿಗೆ, ನಾನು ಓಣಿ ಓಣಿ ಅಲೆದೆವು. ಮನೆ ಖಾಲಿ ಇದೆ ಎಂದವರು ನಾವು ಯಾವ ಮಂದಿ ಎಂದು ಕೇಳಿದ ಮೇಲೆ ಮಗಳು ಬಾಣಂತನಕ್ಕೆ ಬರುತ್ತಾಳೆ ಎನ್ನುತ್ತಿದ್ದರು. ಆ ವರ್ಷ ಲಿಂಗಸುಗೂರಿನ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಬಾಣಂತಿಯರಾಗುವವರಿದ್ದರು! ಕೊನೆಗೆ ನೌಕರರ ಕಾಲೊನಿಯ ತುದಿಯಲ್ಲಿ ಮೆಹರಬಾನು ಎಂಬ ಮುದುಕಿ ಏನನ್ನೂ ಕೇಳದೆ ಹಿಂದಿನ ಎರಡು ಕೋಣೆ ಬಿಟ್ಟುಕೊಟ್ಟಳು. ಗೋಡೆಗೆ ಬುದ್ಧನ ಪಟ, ಬಾಬಾಸಾಹೇಬರ ಪಟ ಹಾಕಿದೆವು. ಪಕ್ಕದಲ್ಲಿ ಅಣ್ಣ ಪ್ರಪಂಚದ ನಕಾಶೆ ತೂಗುಹಾಕಿದ.

ಅಣ್ಣನಿಗೆ ಹಡಗಿನ ಹುಚ್ಚು. ಮಸ್ಕಿ, ಸಿಂಧನೂರು ಬಿಟ್ಟರೆ ರಾಯಚೂರು, ಅದರಾಚೆ ಹೋದವನಲ್ಲ. ಸಮುದ್ರ ನೋಡಿರಲಿಲ್ಲ, ಕೆರೆಗೆ ಮೊಣಕಾಲು ಮಟ್ಟ ಇಳಿಯಲು ಹೆದರುತ್ತಿದ್ದ. ಅಂಥವನು ಪೋರ್ಚುಗಲ್ಲಿನ ನಾವಿಕರ ಪಾಠ ಬಂತೆಂದರೆ ಊಟ ಮರೆಯುತ್ತಿದ್ದ. ಶಾಲೆಯಲ್ಲಿ ಮಾಡುವ ಪಾಠವನ್ನು ಹಿಂದಿನ ದಿನ ಸಂಜೆ ಮನೆಯಲ್ಲಿ ಮಾಡಿ ನೋಡುತ್ತಿದ್ದ. ಕೇಳುವವಳು ಗಾಳೆಮ್ಮ. ಆಕೆ ಮೊರದಲ್ಲಿ ಮೆಣಸಿನಕಾಯಿ ಇಟ್ಟುಕೊಂಡು ತೊಟ್ಟು ಬಿಡಿಸುತ್ತ ಕೂತಿರುತ್ತಿದ್ದಳು. ಅಣ್ಣ ಕಟ್ಟಿಗೆಯ ಸ್ಕೇಲು ಹಿಡಿದು ನಕಾಶೆಯ ಮುಂದೆ ನಿಲ್ಲುತ್ತಿದ್ದ.

"ಯುರೋಪಿನವರಿಗೆ ನಮ್ಮ ಕಾಳುಮೆಣಸು ಬೇಕಾಗಿತ್ತು. ನಡುವ ಅರಬರು, ಅವರಾದಮ್ಯಾಲೆ ವೆನಿಸಿನವರು. ಕೈಯಿಂದ ಕೈಗಿ ದಾಟೂದ್ರಾಗ ಬೆಲಿ ಮುಗಿಲಿಗಿ ಮುಟ್ಟತಿತ್ತು. ಮ್ಯಾಲೆ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದು ಕುಂತ್ರು, ಆ ಕಡಿ ದಾರಿ ಬಿಗಿ ಆತು. ಆಗ ಪೋರ್ಚುಗೀಸರು ಏನು ಮಾಡಿದ್ರು? ಆಫ್ರಿಕಾಕ್ಕ ಸುತ್ತು ಹಾಕಿ ಸಮುದ್ರದಾಗ ದಾರಿ ಹುಡುಕಿದ್ರು!"

"ಅವರಿಗಿ ಯಾರು ಕರದಿದ್ರು?" ಎಂದು ಗಾಳೆಮ್ಮ ಕೇಳಿದಳು.

"ಯಾರೂ ಕರೀಲಿಲ್ಲ. ತಾವ ಬಂದ್ರು. ಗಾಮಾ ಕಲ್ಲಿಕೋಟಿಗಿ ಬಂದಾಗ ಅಲ್ಲಿ ರಾಜಗ ಅರಿವಿ, ಟೊಪಗಿ, ಕೈ ತೊಳಿಯೂ ಬೋಗಾಣಿ, ಜೇನುತುಪ್ಪ ಇಂಥಾವೆಲ್ಲ ಕೊಟ್ಟ. ರಾಜನ ಮಂದಿ ನೋಡಿ ನಕ್ರು."

"ಎರಡನೇ ಸಲ ಬಂದಾಗ ಏನು ತಂದ?"

ಅಣ್ಣ ಸ್ಕೇಲು ಕೆಳಗಿಳಿಸಿದ. "ತೋಪು ತಂದ."

"ಹಾಂ. ಆಗ ನಗೂದು ನಿಂತಿರಬೇಕು."

ಅಣ್ಣನಿಗೆ ಸಿಟ್ಟು ಬಂತು. ಎಷ್ಟು ತಿಂಗಳು ನೀರಿನ ಮೇಲೆ ಇದ್ದರು, ಒಸಡು ಕೊಳೆತು ಹೇಗೆ ಸತ್ತರು, ಅವರ ಧೈರ್ಯ ಎಂಥದು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಆಫ್ರಿಕಾದ ಮಲಿಂದಿ ಎಂಬ ಊರಿನಲ್ಲಿ ದಾರಿ ಬಲ್ಲವನೊಬ್ಬ ಸಿಕ್ಕಿದ, ಅವನೇ ಹಡಗನ್ನು ಇತ್ತ ತಂದು ಮುಟ್ಟಿಸಿದ ಎಂದೂ ಹೇಳಿದ. ಗಾಳೆಮ್ಮ ತೊಟ್ಟು ಬಿಡಿಸುವುದನ್ನು ನಿಲ್ಲಿಸಿದಳು.

"ಅವನ ಹೆಸರೇನು?"

"ಅದು ಖಾತ್ರಿ ಇಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರ."

"ದಾರಿ ತೋರಿಸಿದವನ ಹೆಸರು ಖಾತ್ರಿ ಇಲ್ಲ. ಬಂದು ಇಳದವನ ಹೆಸರು ನಿನ್ನ ಸಾಲಿ ಹುಡುಗರೆಲ್ಲ ಬಾಯಿಪಾಠ ಮಾಡ್ಯಾರ. ಕುಟ್ಟಿದಾಕಿ ಗಾಳೆಮ್ಮ, ಖಾರ ಅಯ್ಯಮ್ಮಂದು. ಹೊಸಾದೇನು ಹೇಳಿದಿ ಮಾಸ್ತರ?"

ಗಂಡನ ಮೇಲೆ ಸಿಟ್ಟು ಬಂದಾಗ ಆಕೆ ಅವನನ್ನು ಮಾಸ್ತರ ಎನ್ನುತ್ತಿದ್ದಳು. ಅಣ್ಣನೂ ಸೋಲುವವನಲ್ಲ. ಸ್ಕೇಲಿನಿಂದ ಆಕೆಯ ಮೊರವನ್ನು ಕುಟ್ಟಿ, "ಇಷ್ಟು ಬೈತಿಯಲ್ಲ, ನಿನ್ನ ಮೊರದಾಗಿನ ಕಾಯಿನೂ ಅವರ ತಂದದ್ದ. ಮೆಣಸಿನಕಾಯಿ ನಮ್ಮ ದೇಶದಾಗ ಇರಲೇ ಇಲ್ಲ. ಸಮುದ್ರದ ಆಚಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನ್ಯಾಗ ಗೋವಾಕ್ಕ ಬಂತು. ಶೇಂಗಾನೂ ಹಂಗ, ಆ ದೇಶದ್ದ. ಅದೂ ಹಡಗು ಹತ್ತೇ ಬಂದದ್ದು" ಎಂದ.

ಗಾಳೆಮ್ಮ ನಂಬಲಿಲ್ಲ. ಮೆಣಸಿನಕಾಯಿ ಇಲ್ಲದ ಊರು ಎಲ್ಲಾದರೂ ಇದ್ದೀತೇ? ದೇವಿಗೆ ಎಡೆ ಹಿಡಿಯುವಾಗ ಖಾರದ ಪಲ್ಯ ಇಡುತ್ತಾರಲ್ಲ, ಅದು ಸುಳ್ಳೇ? ಅಣ್ಣ ಪುಸ್ತಕ ತೆಗೆದು ಓದಿ ಹೇಳಿದ. ಆಕೆ ಮೊರ ಬದಿಗಿಟ್ಟು ಎದ್ದು ಹೋದಳು. ಆ ರಾತ್ರಿ ಅಡುಗೆಗೆ ಖಾರವೇ ಹಾಕಲಿಲ್ಲ. "ಹಡಗಿನ ಕಾಯಿ ನಮಗ್ಯಾಕ ಬೇಕು, ತಿನ್ರಿ ಸಪ್ಪಗ" ಎಂದು ತಟ್ಟೆ ಕುಕ್ಕಿದಳು. ನಾನು ಇಬ್ಬರನ್ನೂ ಬೈದೆ. ಮಾರನೆಯ ದಿನ ಅಣ್ಣ ಶಾಲೆಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು ಒಂದೇ ಪ್ರಶ್ನೆ ಕೇಳಿದಳು.

"ಆ ಹಡಗಿನವರು ಎಣ್ಣಿ ಬೀಳೂ ಮುಂದ ಎದ್ದು ನಿಂತಿದ್ರೇನು?"

"ಅವರಿಗಿ ಏಳು ಅನ್ನವರು ಯಾರಿದ್ರು?" ಎಂದು ಅಣ್ಣ ಸೈಕಲ್ ಹತ್ತಿದ.

ಆ ಬೇಸಿಗೆಯಲ್ಲೇ ಆಕೆ ಮುದಗಲ್ಲಿಗೆ ಹೋಗಿ ಒಂದು ಕಲ್ಲಿನ ಒರಳು ಕೊಂಡು ಬಸ್ಸಿನಲ್ಲಿ ಹಾಕಿಕೊಂಡು ಬಂದಳು. ಮೆಣಸಿನಕಾಯಿ, ಕೊಬ್ಬರಿ, ಎಣ್ಣೆ, ಎಲ್ಲ ತಂದಳು. ಮೆಹರಬಾನುವಿನ ಅಂಗಳದಲ್ಲಿ ಬೇವಿನ ನೆರಳಿಗೆ ಕೂತು ಕುಟ್ಟಿದಳು. ಎಣ್ಣೆ ಹಾಕುವ ಹೊತ್ತಿಗೆ ನನ್ನನ್ನೂ ಅಣ್ಣನನ್ನೂ ಕರೆದು ಎದುರಿಗೆ ನಿಲ್ಲಿಸಿದಳು. ಒರಳಿನ ಎರಡೂ ಬದಿಗೆ ಕಾಲು ಚಾಚಿ ಗಟ್ಟಿಯಾಗಿ ಕೂತು ತಾನೇ ಎಣ್ಣೆ ಹೊಯ್ದಳು, ತಾನೇ ಕೈಯಾಡಿಸಿದಳು. ಆಮೇಲೆ ಅತ್ತಳು. ಖಾರದ ಘಾಟು ಎಂದು ಸುಳ್ಳು ಹೇಳಲಿಲ್ಲ.

ಅದರ ಘಮ ಕಾಲೊನಿಯ ಗೋಡೆ ಹಾರಿ ಹೋಯಿತು. ಪಕ್ಕದ ಮನೆಯ ಜಂಬಮ್ಮ, ಕಚೇರಿಯೊಂದರ ಗುಮಾಸ್ತರ ಹೆಂಡತಿ, ಒಂದು ಬಟ್ಟಲು ಹಿಡಿದು ಬಂದಳು. ಮರುದಿನ ಡಬ್ಬಿ ಹಿಡಿದು ಬಂದಳು. ಕಾಲೊನಿಯವರೆಲ್ಲ ಬೇರೆ ಬೇರೆ ಜಿಲ್ಲೆಗಳಿಂದ ವರ್ಗವಾಗಿ ಬಂದವರು, ಮಾಸ್ತರರ ಹೆಂಡತಿ ಎಂದರೆ ಸಾಕಾಗಿತ್ತು. ಒಂದೆರಡು ವರ್ಷದಲ್ಲಿ ಕಾಲೊನಿಯ ಅಡುಗೆಮನೆಗಳೆಲ್ಲ ಗಾಳೆಮ್ಮನ ಖಾರ ಉಣ್ಣತೊಡಗಿದವು. ಅತ್ತ ಆದಪ್ಪನ ಅಂಗಡಿಯಲ್ಲಿ 'ಅಯ್ಯಮ್ಮನ ಖಾರ' ಕೊಂಡವರು ಹೊಟ್ಟು ತಿಂದಂತಾಗುತ್ತದೆ ಎಂದು ಗೊಣಗತೊಡಗಿದರು. ಅಯ್ಯಮ್ಮ ಕುಟ್ಟಲು ಬಾ ಎಂದು ಹೇಳಿಕಳಿಸಿದಳು. ಗಾಳೆಮ್ಮ ಬಂದವನ ಕೈಯಲ್ಲೇ ಉತ್ತರ ಕಳಿಸಿದಳು: "ಎಣ್ಣಿ ಹಾಕಾಕ ಕರದ್ರ ಬರ್ತೀನಿ ಅನ್ನು."

ಅಯ್ಯಮ್ಮ ತಾನೇ ಬಸ್ಸು ಹತ್ತಿ ಬಂದಳು. ನಮ್ಮ ಮನೆಗಲ್ಲ, ಕಾಲೊನಿಯ ಮಿಕ್ಕ ಮನೆಗಳಿಗೆ. ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಒಂದೊಂದು ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, "ಪಾಪ, ಪರಊರವರು ನೀವು, ನಿಮಗ ಯಾರು ಹೇಳಬೇಕು" ಎಂದು ಕನಿಕರದಿಂದ ಹೇಳಿ ಎದ್ದಳು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಗಳು ವಾಪಸು ಬರತೊಡಗಿದವು. ಕೆಲವರು ಮಕ್ಕಳ ಕೈಯಲ್ಲಿ ಕಳಿಸಿದರು, ಕೆಲವರು ಬಾಗಿಲಲ್ಲಿ ಇಟ್ಟು ಮಾತಾಡದೆ ಹೋದರು. ಜಂಬಮ್ಮ ತಾನೇ ಬಂದಳು. ಅರ್ಧ ಖಾಲಿಯಾದ ಡಬ್ಬಿಯನ್ನು ಹಳೇ ಬಟ್ಟೆಯಲ್ಲಿ ಹಿಡಿದಿದ್ದಳು.

"ಮೊದಲ ಹೇಳಬೇಕಾಗಿತ್ತು ನೀವು."

"ಏನಂತ?" ಎಂದಳು ಗಾಳೆಮ್ಮ.

"ಯಾರು ಅಂತ."

"ಅರ್ಧ ಡಬ್ಬಿ ತಂದೀ. ಉಂಡಿದ್ದು ಅರ್ಧ ಏನು ಮಾಡ್ತೀ? ಅದನ್ನೂ ಹೊಟ್ಟಿಯಿಂದ ತಗದು ಕೊಟ್ಟು ಹೋಗು."

ಜಂಬಮ್ಮ ಡಬ್ಬಿಯನ್ನು ಮೆಟ್ಟಿಲಿಗೆ ಕುಕ್ಕಿ ಹೋದಳು. ಮುಚ್ಚಳ ಹಾರಿ ಖಾರ ಚೆಲ್ಲಿತು. ನಾನು ಆ ಕಾಲೊನಿಯ ಮಕ್ಕಳಿಗೆಲ್ಲ ಸೂಜಿ ಚುಚ್ಚಿದವಳು, ಜಂಬಮ್ಮನ ಹೆರಿಗೆಯಲ್ಲಿ ಪಕ್ಕದಲ್ಲಿ ನಿಂತು ಅವಳ ಮಗುವನ್ನು ಮೊದಲು ಎತ್ತಿಕೊಂಡವಳು. ನನ್ನ ಸೂಜಿ ಅವರ ಮೈಯೊಳಗೆ ಹೋಗಬಹುದಿತ್ತು, ಗಾಳೆಮ್ಮನ ಖಾರ ಬಾಯೊಳಗೆ ಹೋಗುವಂತಿರಲಿಲ್ಲ. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಅಣ್ಣ ಸಂಜೆ ಬಂದು ಡಬ್ಬಿಗಳ ರಾಶಿ ನೋಡಿದ. ಕೂತು ಒಂದೊಂದನ್ನೇ ಎತ್ತಿ ಗೋಡೆಯ ಬದಿಗೆ ಸಾಲಾಗಿ ಇಟ್ಟ. ಆಮೇಲೆ ಎದ್ದು ಸ್ಕೇಲು ತಗೊಂಡು ನಕಾಶೆಯ ಹತ್ತಿರ ಹೋದ. ಪ್ರಪಂಚದ ಆ ನಕಾಶೆಯಲ್ಲಿ ನಮ್ಮ ಸೀಮೆ ಒಂದು ಉಗುರಿನಷ್ಟೂ ಇರಲಿಲ್ಲ. ಅಂದಾಜಿನ ಮೇಲೆ ಅಲ್ಲಿಗೆ ಸ್ಕೇಲು ಇಟ್ಟ.

"ಸಿಂಧನೂರಿಗಿ ಹೋಗೂಣು. ಕಾಲುವಿ ನೀರು ಬಂದಮ್ಯಾಲೆ ಆಂಧ್ರದವರು ಬಂದು ಕ್ಯಾಂಪು ಹಾಕ್ಯಾರ. ವಳಕಮದಿನ್ನಿ ಕಡಿನೂ ಭತ್ತ ಬೆಳದು ಕೈಯಾಗ ರೊಕ್ಕ ಐತಿ. ಖಾರ ಇಲ್ಲದ ಒಂದು ತುತ್ತು ಇಳಿಯಂಗಿಲ್ಲ ಅವರಿಗಿ. ಅಲ್ಲಿ ನಮ್ಮ ಗುರುತು ಯಾರಿಗೂ ಇಲ್ಲ. ಡಬ್ಬಿ ಮ್ಯಾಲೆ ಬ್ಯಾರೆ ಹೆಸರು ಬರಸೂಣು. ದಾರಿ ಮುಚ್ಚಿದ್ರ ಸುತ್ತು ಹಾಕಬೇಕು. ಚರಿತ್ರಿ ಹೇಳೂದ ಅದನ್ನ."

ಗಾಳೆಮ್ಮ ಚೆಲ್ಲಿದ ಖಾರವನ್ನು ಬಳಿದು ಗುಡ್ಡೆ ಹಾಕುತ್ತಿದ್ದಳು. ಪೊರಕೆ ಬಿಟ್ಟು ಎದ್ದಳು.

"ನಿನ್ನ ಹಡಗಿನವರು ಸುತ್ತು ಹಾಕಿ ಬಂದದ್ದು ಅಡಗಿ ಕುಂದ್ರಾಕಲ್ಲ ಮಾಸ್ತರ. ಬಂದು ಇಳದು ನಾ ಇಂಥವ ಅಂದ್ರು. ನಕ್ಕವರಿಗಿ ತೋಪು ತೋರಿಸಿದ್ರು. ನೀ ನನ್ನ ಹೆಸರು ಮುಚ್ಚಿಟ್ಟು ಸಿಂಧನೂರಿಗಿ ಕಳಸ್ತೀ? ಅಲ್ಲಿಗೂ ಒಬ್ಬಾಕಿ ಅಯ್ಯಮ್ಮ ಬಸ್ ಹತ್ತಿ ಬರ್ತಾಳ. ಆಮ್ಯಾಲೆ ಎಲ್ಲಿಗಿ? ಸಮುದ್ರಕ್ಕೇನು?"

ನಾನು ಅಣ್ಣನ ಪರ ವಹಿಸಿದೆ. ಹೊಟ್ಟೆಪಾಡು ಮುಖ್ಯವೋ ಹೆಸರು ಮುಖ್ಯವೋ ಎಂದು ಕೇಳಿದೆ. "ನಿನಗ ದವಾಖಾನಿಯಾಗ ಯಾರೂ ಏಳು ಅನ್ನಂಗಿಲ್ಲ, ಕುಂತು ಮಾತಾಡ್ತಿ" ಎಂದು ಆಕೆ ನನ್ನ ಮುಖಕ್ಕೇ ಹೇಳಿದಳು. ಅಲ್ಲಿಂದ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು ಉಳಿಯಿತು.

ಮುಂದಿನ ಸಂತೆಗೆ ಆಕೆ ಒರಳು ಹೊರಿಸಿಕೊಂಡು ಹೋಗಿ ಆದಪ್ಪನ ಅಂಗಡಿಯ ಎದುರಿಗೇ ಕೂತಳು. ಸಂತೆಕಲ್ಲೂರು, ಮುದಗಲ್, ಮಸ್ಕಿ ಕಡೆಯವರೆಲ್ಲ ಬರುವ ಸಂತೆ ಅದು, ಗುರುತು ಮುಚ್ಚಿಡಲು ಜಾಗವೇ ಇಲ್ಲ. "ಸಂತೆಕಲ್ಲೂರು ಕೇರಿ ಗಾಳೆಮ್ಮನ ಖಾರ! ನಾನ ಕುಟ್ಟೀನಿ, ನಾನ ಎಣ್ಣಿ ಹಾಕೀನಿ!" ಎಂದು ಕೂಗುತ್ತ ಕುಟ್ಟಿದಳು. ಪಕ್ಕದ ಉಳ್ಳಾಗಡ್ಡಿಯವಳು ತನ್ನ ಬುಟ್ಟಿಯನ್ನು ಆಚೆ ಎಳೆದುಕೊಂಡಳು. ಒಬ್ಬ ಮುದುಕ ನಿಂತು ಉಗುಳಿ ಹೋದ. ಖಾರ ಕೊಳ್ಳುತ್ತಿದ್ದವರು ಮೆಹರಬಾನು, ನಮ್ಮ ಕೇರಿಯ ಮಂದಿ, ಒಬ್ಬಿಬ್ಬರು ಲಾರಿಯವರು, ಇಷ್ಟೇ. ಉಳಿದವರು ಅತ್ತ ತಿರುಗದೆ ದಾಟಿ ಹೋಗುತ್ತಿದ್ದರು. ಅಣ್ಣ ನಾಚಿಕೊಂಡು ಸಂತೆಯ ದಿನ ಬೇರೆ ಓಣಿಯಿಂದ ಶಾಲೆಗೆ ಹೋಗತೊಡಗಿದ. ಸುತ್ತು ಹಾಕುವುದು ಅವನಿಗೆ ಅಷ್ಟು ರೂಢಿಯಾಗಿತ್ತು. ಆಕೆ ಮಾತ್ರ ಸಂತೆ ತಪ್ಪಿಸಲಿಲ್ಲ, ವರ್ಷಗಳು ಹಾಗೇ ಹೋದವು.

ಎದುರಿಗೆ ಗಲ್ಲೆಯ ಮೇಲೆ ಕೂತ ಆದಪ್ಪ ಇದನ್ನೆಲ್ಲ ನೋಡುತ್ತಿದ್ದ. ಅವನ ಅಂಗಡಿಯ ಖಾರದ ಡಬ್ಬಿಗಳ ಮೇಲೆ ಧೂಳು ಕೂತಿತ್ತು. ಗಾಳಿ ಅವನ ಕಡೆ ಬೀಸಿದಾಗಲೆಲ್ಲ ಗಾಳೆಮ್ಮನ ಒರಳಿನ ಘಮ ಅಂಗಡಿಯೊಳಗೆ ಹೋಗುತ್ತಿತ್ತು. ೧೯೯೩ರ ಬೇಸಿಗೆಯಲ್ಲಿ ಅವನೇ ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ, ಬೇವಿನ ಗಿಡದ ಕೆಳಗೇ ನಿಂತ.

"ಮೊದಲಿನಂಗ ನಮ್ಮ ಹಿತ್ತಲಕ್ಕ ಬಂದು ಕುಟ್ಟು ಗಾಳೆವ್ವ. ಮಾಲು ನಂದು, ಮಾರೂದು ನಂದು. ನಿನಗ ಕೊಡೂದು ಕೊಡ್ತೀನಿ."

"ಎಣ್ಣಿ ಯಾರು ಹಾಕೂದು?"

ಆದಪ್ಪ ಕತ್ತು ಕೆರೆದುಕೊಂಡ. "ನೀನ ಹಾಕು."

"ನಿಮ್ಮವ್ವ ಏನಂತಾಳ?"

"ಅವ್ವಗ ನಾ ಹೇಳ್ತೀನಿ."

ಅವನು ಹೇಳಲಿಲ್ಲ. ಹೇಳುವುದೂ ಇಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಇಂಥ ಮನೆಗಳ ಗಂಡುಮಕ್ಕಳು ಹೊರಗೆ ಯಾರ ಕೈಯಲ್ಲೂ ಚಹಾ ಕುಡಿಯುತ್ತಾರೆ, ಒಳಗೆ ಅವ್ವನ ಮುಂದೆ ಬಾಯಿ ಬಿಡುವುದಿಲ್ಲ. ನಡೆದರೆ ನಡೆಯಲಿ, ಮಾತಿನಲ್ಲಿ ಬರಬಾರದು, ಇಷ್ಟೇ ಅವರ ಲೆಕ್ಕ. ಎಣ್ಣೆ ಬೀಳುವ ಹೊತ್ತಿಗೆ ಹೇಗೋ ಸಂಭಾಳಿಸಿದರಾಯಿತು ಎಂದುಕೊಂಡಿದ್ದ. ಅಣ್ಣ ಮಾತ್ರ ದಾರಿ ತೆರೆಯಿತು ಎಂದು ಹಿಗ್ಗಿದ. ಗಾಳೆಮ್ಮ ನನ್ನ ಕಡೆ ತಿರುಗಿ, "ದವಾಖಾನಿಯಾಗ ಸಲೈನಿಂದು ಖಾಲಿ ಬಾಟ್ಲಿ ಇದ್ರ ಒಂದು ತಂದುಕೊಡು" ಎಂದಳು. ಯಾಕೆ ಎಂದರೆ ಹೇಳಲಿಲ್ಲ.

ಹೋಗುವ ದಿನ ನಾನೂ ಜೊತೆಗೆ ಹೊರಟೆ. ಸರಿಯಾಗಿ ಮಾತಿಲ್ಲದಿದ್ದರೂ ಆ ಹಿತ್ತಲಿಗೆ ಆಕೆಯೊಬ್ಬಳನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅದೇ ಹಿತ್ತಲು, ಅದೇ ನೆಲದ ಒರಳು, ಅದೇ ತಿಪ್ಪೆ. ಅಯ್ಯಮ್ಮನಿಗೆ ವಯಸ್ಸಾಗಿತ್ತು, ದನಿಗೆ ಆಗಿರಲಿಲ್ಲ. "ಬಂದ್ಯಾ? ಬರಲಾರದ ಎಲ್ಲಿ ಹೋಗ್ತಿ" ಎಂದಳು. ಗಾಳೆಮ್ಮ ಒನಕೆ ಎತ್ತಿದಳು. ಬೆಳಗಿನಿಂದ ಕುಟ್ಟಿದಳು. ನಾನು ಜರಡಿ ಹಿಡಿದೆ. ನೆರೆಮನೆಯ ಹೆಂಗಸರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಹುರಿದ ಮಸಾಲೆಯ ಬುಟ್ಟಿ ಹೊರಗೆ ಬಂತು. ಅದರ ಹಿಂದೆಯೇ ಅಯ್ಯಮ್ಮ ಗಿಂಡಿ ಹಿಡಿದು ಬಂದಳು.

"ಏಳ ಬೇ, ಎಣ್ಣಿ ಬೀಳ್ತದ."

ಗಾಳೆಮ್ಮ ಏಳಲಿಲ್ಲ. ಪಕ್ಕದ ಚೀಲಕ್ಕೆ ಕೈ ಹಾಕಿ ಸಲೈನ್ ಬಾಟಲಿ ತೆಗೆದಳು. ಅದರ ತುಂಬ ಮನೆಯಲ್ಲಿ ಕಾಯಿಸಿ ಆರಿಸಿದ ಶೇಂಗಾ ಎಣ್ಣೆ. ರಬ್ಬರ್ ಬಿರಡೆ ಕಿತ್ತು ಖಾರದ ಮೇಲೆ ಸುರಿದಳು.

"ಏ! ಏನು ಮಾಡಾಕತ್ತೀ?"

"ಎಣ್ಣಿ ಹಾಕಾಕತ್ತೀನಿ. ಹಿಂದ ಸರಿ ಗೌಡ್ತಿ, ಸೀರಿ ಮ್ಯಾಲೆ ಸಿಡಿತದ."

ಗಾಳೆಮ್ಮ ಮಸಾಲೆಯ ಬುಟ್ಟಿಗೆ ಕೈ ಚಾಚಿದಳು. ಆ ಕೈ ತನಗೆಲ್ಲಿ ತಾಗುವುದೋ ಎಂದು ಅಯ್ಯಮ್ಮ ಹಿಂದೆ ಸರಿದಳು. ಇನ್ನಷ್ಟು ಸರಿದಳು. ಬೆನ್ನಿಗೆ ಗೋಡೆ ತಾಗಿದಾಗ ನಿಂತಳು. ತಿಪ್ಪೆಯ ಪಕ್ಕದ ಗೋಡೆ ಅದು, ಇಷ್ಟು ವರ್ಷ ಗಾಳೆಮ್ಮ ನಿಲ್ಲುತ್ತಿದ್ದ ಜಾಗ. ಕಟ್ಟೆಯ ಹೆಂಗಸರು ನೋಡಲು ಎದ್ದು ನಿಂತರು.

"ಮೈಲಿಗಿ ಆತು! ತಿಪ್ಪಿಗಿ ಚೆಲ್ಲ್ರೋ ಅದನ್ನ! ಆದಪ್ಪಾ!" ಎಂದು ಅಯ್ಯಮ್ಮ ಕಿರುಚಿದಳು.

ಗಾಳೆಮ್ಮ ಮೊಣಕೈವರೆಗೆ ಕೈ ಇಳಿಬಿಟ್ಟು ಕಲಸುತ್ತಲೇ ಮಾತಾಡಿದಳು. "ಈ ಕಾಯಿ ಹಡಗಿನ್ಯಾಗ ಬಂತು. ಈ ಶೇಂಗಾ ಹಡಗಿನ್ಯಾಗ ಬಂತು. ತಂದವರು ಯಾರು, ಏನು ತಿಂತಿದ್ರು, ನಿಮ್ಮ ಹಿರ್ಯಾರು ಒಬ್ಬರೂ ಕೇಳಲಿಲ್ಲ. ಒಳಗ ಕರಕೊಂಡು ದೇವರ ಎಡಿಗಿ ಇಟ್ರು. ಇವುಗಳ ನಡುವ ಈ ಊರಾಗ ಹುಟ್ಟಿದಾಕಿ ನಾ ಒಬ್ಬಾಕಿನ. ನನಗ ಏಳು ಅಂತಿ!"

"ಯಾವ ಹಡಗು? ಹುಚ್ಚು ಹಿಡದೈತಿ ಇಕಿಗಿ!"

ಆದಪ್ಪ ಓಡಿ ಬಂದು ನಡುವೆ ನಿಂತ. ಒರಳು ನೋಡಿದ, ಅವ್ವನ ಮುಖ ನೋಡಿದ, ಮತ್ತೆ ಒರಳು ನೋಡಿದ. ಬಗ್ಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಅವನು ಎಷ್ಟೆಂದರೂ ವ್ಯಾಪಾರಿ. "ಅವ್ವಾ, ಚೆಲ್ಲೂದು ಬ್ಯಾಡ. ಮನಿಗಿ ಬಳಸೂದು ಬಿಡು, ಅಂಗಡಿಗಿ ಒಯ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ" ಎಂದು ಮೆಲ್ಲಗೆ ಹೇಳಿದ.

"ನಾ ಹೇಳ್ತೀನಿ" ಎಂದಳು ಗಾಳೆಮ್ಮ.

ಅಯ್ಯಮ್ಮ ಗಿಂಡಿಯನ್ನು ನೆಲಕ್ಕೆ ಎಸೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆದಪ್ಪ ಖಾರವನ್ನು ಡಬ್ಬಿಗಳಿಗೆ ತುಂಬಿಸಿ ಲಿಂಗಸುಗೂರಿಗೆ ಸಾಗಿಸಿದ. ಬಸ್ಸಿನಲ್ಲಿ ನಾನು ಗಾಳೆಮ್ಮನ ಪಕ್ಕಕ್ಕೆ ಕೂತೆ. ಆಕೆಯ ಕೈ ಮೊಣಕೈವರೆಗೆ ಕೆಂಪಾಗಿ ಉರಿಯುತ್ತಿತ್ತು. ಹಚ್ಚಲು ಬೆಣ್ಣೆ ಇಲ್ಲ ಎಂದೆ. "ಉರಿಲಿ ಬಿಡು" ಎಂದಳು. ಬಹಳ ದಿನಗಳ ಮೇಲೆ ನಾವಿಬ್ಬರೂ ಜಗಳವಿಲ್ಲದೆ ಆಡಿದ ಮಾತು ಅದು.

ಆ ವಾರದ ಸಂತೆಗೆ ನಾನು ದವಾಖಾನೆಗೆ ರಜೆ ಹಾಕಿ ಹೋಗಿ ನಿಂತೆ. ಆದಪ್ಪನ ಅಂಗಡಿಯಲ್ಲಿ ಹೊಸ ಡಬ್ಬಿಗಳು ಬಂದಿದ್ದವು. ಘಮಕ್ಕೇ ಜನ ಸೇರಿದ್ದರು. ಎದುರಿಗೆ ಗಾಳೆಮ್ಮ ತನ್ನ ಒರಳು, ತನ್ನ ಡಬ್ಬಿಗಳ ಹಿಂದೆ ಕೂತು ಕೂಗಿದಳು. "ಇಲ್ಲಿದ್ದದ್ದೂ ನನ್ನ ಕೈದ, ಆ ಅಂಗಡಿಯಾಗಿಂದೂ ನನ್ನ ಕೈದ! ಎರಡಕ್ಕೂ ನಾನ ಎಣ್ಣಿ ಹಾಕೀನಿ! ಸುಳ್ಳಂದ್ರ ಆದಪ್ಪನ್ನ ಕೇಳ್ರಿ!" ಜನ ಆದಪ್ಪನ ಕಡೆ ತಿರುಗಿದರು. ಆದಪ್ಪ ಮೇಲಿನ ತಗಡು ನೋಡುತ್ತ ಕೂತ. ಕೆಲವರು ಡಬ್ಬಿ ಕೆಳಗಿಟ್ಟು ಹೋದರು. ಕೆಲವರು ಕೇಳದವರ ಹಾಗೆ ಚೀಲಕ್ಕೆ ಹಾಕಿಕೊಂಡು ಹೋದರು.

ಆ ಗುಂಪಿನಲ್ಲಿ ಜಂಬಮ್ಮ ಇದ್ದಳು. ಅವಳ ಕೈಯಲ್ಲಿ ಆದಪ್ಪನ ಅಂಗಡಿಯ ಡಬ್ಬಿ ಇತ್ತು. ಅದನ್ನು ಗಲ್ಲೆಯ ಮೇಲೆ ಇಟ್ಟಳು. ಮೂಗಿಗೆ ಸೆರಗು ಹಿಡಿದು ದಾರಿ ದಾಟಿ ಬಂದು ಗಾಳೆಮ್ಮನ ಮುಂದೆ ನಿಂತಳು. ಮುಖ ಗಂಟು ಹಾಕಿಕೊಂಡಿದ್ದಳು.

"ಕೊಡು ಒಂದು. ಬಾಯಿ ಮುಚ್ಚು."

"ಈ ಸಲ ಮೊದಲ ಹೇಳೀನಿ ನೋಡು, ಯಾರು ಅಂತ. ಆಮ್ಯಾಲೆ ವಾಪಸ್ ತರಬ್ಯಾಡ" ಎಂದಳು ಗಾಳೆಮ್ಮ.

"ಕೇಳೀನಿ. ಊರೆಲ್ಲ ಕೇಳೈತಿ. ಎದ್ದು ಆ ದೊಡ್ಡ ಡಬ್ಬಿ ಕೊಡು."

ದೊಡ್ಡ ಡಬ್ಬಿ ಗಾಳೆಮ್ಮನ ಕಾಲ ಹತ್ತಿರ ನೆಲದ ಮೇಲಿತ್ತು. ಆಕೆ ಎಡಗೈಯಿಂದ ಅದರತ್ತ ತೋರಿಸಿದಳು. ಬಲಗೈ ಆಗಲೇ ಒರಳಿಗೆ ಎಣ್ಣೆ ಹೊಯ್ಯುತ್ತಿತ್ತು.

"ಎಣ್ಣಿ ಬೀಳಾಕತ್ತೈತಿ, ನಾ ಏಳಂಗಿಲ್ಲ. ನೀನ ಬಗ್ಗಿ ತಗೋ."

ಜಂಬಮ್ಮ ಅತ್ತ ಇತ್ತ ನೋಡಿದಳು. ಆಮೇಲೆ ಬಗ್ಗಿದಳು.